ಗಮನಿಸಿಯಮ್ಮ ಬೇಕೋ ಬೇಡವೋ

ನಮ್ಮ ಅತ್ತಿಗೆಯದು ಒಂದು ವಿಚಿತ್ರ ಸ್ವಭಾವ. ಯಾರ ತಲೆಯ ಮೇಲೆ ಬೀಳುವ ವಿಷಯವೋ, ಅದನ್ನು ಅವರ ಕೈಯಿಂದಲೇ ತೀರ್ಮಾನ ಮಾಡಿಸುತ್ತಾರೆ. ಬೈದರೆ ತಿರುಗಿ ಬೈಯಬಹುದು, ನಂಬಿಬಿಟ್ಟರೆ ಏನು ಮಾಡುವುದು ಹೇಳಿ?

ಲಾಂಡ್ರಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಆಫೀಸು. ಕಾಯಿಲೆಯವರ ಮನೆಗೇ ನರ್ಸ್‌ಗಳನ್ನು ಕಳಿಸುವ ಕೆಲಸ. ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ತಾವೂ ನರ್ಸ್ ಆಗಿದ್ದವರು, ಈಗ ಯಜಮಾನಿ. ಆರು ಜನ ನರ್ಸ್‌ಗಳು, ನಲವತ್ತೊಂದು ರೋಗಿಗಳು, ಕಿಟಕಿ ಪಕ್ಕದ ಕುರ್ಚಿಯಲ್ಲಿ ನಾನು. ಹನ್ನೊಂದು ವರ್ಷದಿಂದ ಫೈಲುಗಳೆಲ್ಲ ನನ್ನವು.

ಕಳೆದ ಸಲ ಪರಿಶೀಲನೆಗೆ ಬಂದ ಅಧಿಕಾರಿ ಏಳು ತಪ್ಪು ಬರೆದು ಹೋಗಿದ್ದರು. ಇನ್ನೊಮ್ಮೆ ಹಾಗಾದರೆ ಪರವಾನಗಿ ರದ್ದು. ಹಾಗಾಗಿ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಅತ್ತಿಗೆ ನನ್ನ ಮೇಜಿನ ಮುಂದೆ ಬಂದು ನಿಂತರು.

"ಹೊರಗಡೆ ಒಂದು ಕಂಪನಿ ಇದೆ ಕಣೇ. ನಾವು ದಿನಾ ಹಾಳೆಗಳ ಫೋಟೋ ಕಳಿಸಿದ್ರೆ ಸಾಕಂತೆ. ನಿಯಮ, ಗಡುವು, ತಪ್ಪು ಒಪ್ಪು ಎಲ್ಲಾ ಅಲ್ಲೇ ಕೂತು ನೋಡ್ತಾರೆ. ಒಂದು ತಿಂಗಳು ಪುಕ್ಕಟೆ."

"ಹಾಗಾದ್ರೆ ನಾನು?"

"ಅದೇ ವಿಷಯ. ಇಬ್ಬರನ್ನೂ ಇಟ್ಕೊಳ್ಳೋ ತಾಕತ್ತು ನಮಗಿಲ್ಲ. ತಿಂಗಳು ಪೂರ್ತಿ ನೀನೇ ನೋಡು. ಬೇಕೋ ಬೇಡ್ವೋ ಒಂದು ಹಾಳೇಲಿ ಬರೆದು ಕೊಡು. ನೀನು ಏನು ಬರೆದ್ರೂ ಅದೇ ಸರಿ."

ನೋಡಿದಿರಾ? ಅವರು ಅತ್ತ ಹೋದದ್ದೇ ತಡ, ನಾನು ಒಂದು ಹಾಳೆ ತೆಗೆದು 'ಹೊರಗಿನ ಕಂಪನಿ ನಮಗೆ ಬೇಡ' ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿ ಡ್ರಾಯರಿನಲ್ಲಿಟ್ಟೆ. ಕಾರಣಗಳಿಗೆ ಮಾತ್ರ ಜಾಗ ಬಿಟ್ಟಿದ್ದೆ. ಹುಡುಕುವುದಕ್ಕೆ ಇನ್ನೂ ಮೂವತ್ತು ದಿನ ಇತ್ತಲ್ಲ.

ಮೂರನೇ ದಿನಕ್ಕೆ ನನ್ನ ಫೋನಿನಲ್ಲಿ ಅರವತ್ತನಾಲ್ಕು ಸಂದೇಶ. ಕಳಿಸುವವಳು ಆ ಕಂಪನಿಯ ಒಬ್ಬ ಹೆಂಗಸು. ಪ್ರತಿಯೊಂದೂ 'ದಯವಿಟ್ಟು ಗಮನಿಸಿ' ಎಂದೇ ಶುರು. ನಾನು ಅವಳಿಗೆ ಗಮನಿಸಿಯಮ್ಮ ಎಂದೇ ಹೆಸರಿಟ್ಟೆ.

'ದಯವಿಟ್ಟು ಗಮನಿಸಿ. ಹದಿನೇಳನೇ ರೋಗಿಯ ಮನೆಯಲ್ಲಿ ನಾಯಿ ಕಚ್ಚಿದೆ. ಘಟನೆಯ ವರದಿ ಎಲ್ಲಿ?'

ನಾಯಿ ಕಚ್ಚಿದ್ದು ನರ್ಸನ್ನಲ್ಲ, ಬಿಪಿ ನೋಡುವ ಯಂತ್ರದ ಕೊಳವೆಯನ್ನು ಎಂದು ಬರೆದೆ.

'ದಯವಿಟ್ಟು ಗಮನಿಸಿ. ಕೊಳವೆಗೂ ವರದಿ ಬೇಕು.'

ಬಿಡಿ, ಕೊಳವೆಗೆ ಚುಚ್ಚುಮದ್ದು ಹಾಕಿಸು ಅನ್ನಲಿಲ್ಲ, ಅದೇ ಪುಣ್ಯ. ಮರುದಿನ ಇನ್ನೊಂದು. 'ಇಪ್ಪತ್ತಾರನೇ ರೋಗಿಯ ವಿಳಾಸದಲ್ಲಿ "ಹಸಿರು ಗೇಟು, ಒದ್ದರೆ ತೆರೆಯುತ್ತದೆ" ಎಂದಿದೆ. ಮನೆ ಸಂಖ್ಯೆ ಎಲ್ಲಿ?' ಮನೆ ಸಂಖ್ಯೆ ಯಾರಿಗೆ ಬೇಕು ಮಹಾತಾಯಿ? ಊರಿಗೆಲ್ಲ ಗೊತ್ತಿರುವುದು ಆ ಗೇಟೇ. ನನ್ನ ಕಾರಣಗಳ ಪಟ್ಟಿ ಬೆಳೆಯುತ್ತಿತ್ತು, ಖುಷಿಯಾಗಿದ್ದೆ.

ಆ ಹಸಿರು ಗೇಟಿನ ಯಜಮಾನರನ್ನು ಇಲ್ಲೇ ಪರಿಚಯ ಮಾಡಿಸಿಬಿಡುತ್ತೇನೆ. ಹೆಂಡತಿ ಇಲ್ಲ, ಮಗಳು ಎರಡು ಬೀದಿ ಆಚೆ. ಮೂವತ್ತಮೂರು ವರ್ಷ ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿ ಬಸ್ಸು ಬಂದ ಗಂಟೆ, ಹೋದ ಗಂಟೆ ಬರೆದವರು. ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಲು, ವಾರಕ್ಕೊಮ್ಮೆ ಮಾತ್ರೆ ಪೆಟ್ಟಿಗೆ ತುಂಬಲು ನಮ್ಮ ನರ್ಸ್ ಹೋಗುತ್ತಾಳೆ. ಪ್ರತಿ ಸಲವೂ ಅವಳು ಒಂದು ಹಾಳೆ ತುಂಬಬೇಕು. ಬಂದ ಗಂಟೆ, ಹೋದ ಗಂಟೆ, ಮಾಡಿದ ಕೆಲಸ, ಕೆಳಗೆ ರೋಗಿಯ ಸಹಿ. ಟೈಮ್ ಕೀಪರ್ ಸುಮ್ಮನೆ ಸಹಿ ಮಾಡುವವರೇ? ನರ್ಸ್ 'ಒಂಬತ್ತು' ಎಂದು ಬರೆದಿದ್ದರೆ ಅದಕ್ಕೆ ಗೆರೆ ಎಳೆದು, 'ಒಂಬತ್ತು ಹನ್ನೆರಡು' ಎಂದು ತಿದ್ದಿ, ಸಹಿ ಮಾಡಿ, ಅಂಚಿನಲ್ಲಿ 'ಕಾರಣ: ಸ್ಕೂಟರ್ ಪಂಕ್ಚರ್ ಎನ್ನುತ್ತಾಳೆ. ಚಕ್ರ ನೋಡಿದೆ, ಗಟ್ಟಿಯಾಗಿಯೇ ಇದೆ' ಎಂದು ಸೇರಿಸುವರು.

ನನಗೋ ಚಿತ್ತು ಕಂಡರೆ ಮೈ ಉರಿಯುತ್ತದೆ. ಕಾಫಿ ಕಲೆಯ ಹಾಳೆ, ಮುದುಡಿದ ಹಾಳೆ, ಟೈಮ್ ಕೀಪರ್ ಹಾಳೆ, ಯಾವುದು ಬಂದರೂ ಹೊಸ ಹಾಳೆಯಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದು ಅದನ್ನೇ ಫೈಲಿಗೆ ಹಾಕುತ್ತಿದ್ದೆ. ಈಗ ಕಂಪನಿಗೂ ಅದರ ಫೋಟೋವನ್ನೇ ಕಳಿಸುತ್ತಿದ್ದೆ. ಅಂಚಿನ ಪುರಾಣಗಳನ್ನೆಲ್ಲ ಬಿಟ್ಟುಬಿಡುತ್ತಿದ್ದೆ. ಸಹಿ ಇರಬೇಕಾದ ಕಡೆ 'ಸಹಿ ಮಾಡಿದ್ದಾರೆ' ಎಂದು ಬರೆಯುತ್ತಿದ್ದೆ. ಮೂಲ ಹಾಳೆಗಳು ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಗೆ. ಇದು ತಪ್ಪು ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಯಾರೂ ಹೊಗಳುವುದಿಲ್ಲವಲ್ಲ ಅಂತ ಬೇಜಾರಿತ್ತು, ಅಷ್ಟೇ.

ಇಪ್ಪತ್ತೆರಡನೇ ತಾರೀಖು ಬೆಳಿಗ್ಗೆ ಹತ್ತು ಗಂಟೆಗೆ ಗಮನಿಸಿಯಮ್ಮ ಮೊದಲ ಸಲ ಫೋನ್ ಮಾಡಿದಳು. ದನಿ ಕೇಳಿದರೆ ನನಗಿಂತ ಎಷ್ಟೋ ಚಿಕ್ಕವಳು.

"ಮೇಡಂ, ನಿಮ್ಮಲ್ಲಿ ಆರು ಜನ ನರ್ಸ್ ಇದ್ದಾರೆ. ಆದ್ರೆ ಅರ್ಧಕ್ಕರ್ಧ ಹಾಳೆ ಒಂದೇ ಕೈಬರಹ, ಒಂದೇ ಪೆನ್ನು. ಇದು ಹೇಗೆ?"

"ನಂದೇ," ಅಂದೆ ಬೀಗುತ್ತಾ. "ಚೆನ್ನಾಗಿದೆ ಅಲ್ವಾ?"

"ಮೇಡಂ, ಮೂಲ ಹಾಳೆಗಳು ಇದ್ಯಾ? ದೇವರೇ, ಇದೆ ಅನ್ನಿ."

ಇದ್ದವು. ಗೊಣಗುತ್ತಾ ಪೆಟ್ಟಿಗೆ ಎಳೆದು, ಮೇಲಿದ್ದ ಟೈಮ್ ಕೀಪರ್ ಹಾಳೆಗಳ ಫೋಟೋ ತೆಗೆದು ಕಳಿಸಿದೆ. ಐದು ನಿಮಿಷದಲ್ಲಿ ಮತ್ತೆ ಫೋನು. ಈ ಸಲ 'ದಯವಿಟ್ಟು' ಕೂಡ ಇಲ್ಲ.

"ಮೂರನೇ ತಾರೀಖಿನ ಹಾಳೆ ಅಂಚು ಓದಿ."

ಓದಿದೆ. 'ಡಾಕ್ಟರು ಬಿಳಿ ಮಾತ್ರೆ ನಿಲ್ಲಿಸಿ ಗುಲಾಬಿ ಕೊಟ್ಟಿದ್ದಾರೆ. ಪೆಟ್ಟಿಗೆಯಲ್ಲಿ ಎರಡೂ ಬರುತ್ತಿವೆ. ಆಫೀಸಿನ ಗಮನಕ್ಕೆ.' ಹತ್ತನೇ ತಾರೀಖಿನದರಲ್ಲಿ ಅದೇ ಮಾತು, ಕೆಳಗೆ 'ಎರಡನೇ ಸಲ' ಎಂದು ಸೇರಿಸಿ. ಎರಡೂ ರಕ್ತ ತೆಳುವಾಗಿಸುವ ಮಾತ್ರೆ. ಒಟ್ಟಿಗೆ ನುಂಗಿದರೆ ಎಲ್ಲಿಂದ ಬೇಕಾದರೂ ರಕ್ತ ಸೋರಬಹುದು. ನನ್ನ ಮುತ್ತಿನಂಥ ಪ್ರತಿಯಲ್ಲಿ ಇದರ ಸುದ್ದಿಯೇ ಇಲ್ಲ.

"ಮೇಡಂ, ಇವತ್ತು ಅವರ ಪೆಟ್ಟಿಗೆ ತುಂಬೋ ದಿನ. ನಿಮ್ಮ ನರ್ಸ್ ಫೋನ್ ತೆಗೀತಿಲ್ಲ. ನಂಗೆ ಇಲ್ಲಿಂದ ಓಡೋಕಾಗಲ್ಲ. ನೀವು ಓಡಿ!"

ಓಡಿದೆ. ಐವತ್ತೆರಡರ ಹೆಂಗಸು, ಲಾಂಡ್ರಿಯ ಮೆಟ್ಟಿಲು ಎರಡೆರಡು ಹಾರಿ, ಒಂದು ಚಪ್ಪಲಿ ದಾರಿಯಲ್ಲೇ ಬಿಟ್ಟು, ಹಸಿರು ಗೇಟನ್ನು ಒದ್ದ ರಭಸಕ್ಕೆ ಅದು ಗೋಡೆಗೆ ಬಡಿದು ತಿರುಗಿ ನನಗೇ ಬಡಿಯಿತು. ನರ್ಸ್ ಮಾತ್ರೆ ಪೆಟ್ಟಿಗೆ ತೆರೆದು ಕೂತಿದ್ದಳು. "ಬಿಳಿ ಹಾಕ್ಬೇಡ!" ಎಂದು ಕಿರುಚಿದೆ.

ಟೈಮ್ ಕೀಪರ್ ಗೋಡೆ ಗಡಿಯಾರ ನೋಡಿದರು. "ಹತ್ತು ನಲವತ್ತೊಂದು," ಎಂದು ಬರೆದುಕೊಂಡರು. "ಆಫೀಸಿನವರು. ಓಡಿ ಬಂದಿದ್ದಾರೆ. ಹತ್ತೊಂಬತ್ತು ದಿನ ತಡ."

"ನಾನು ಹೇಳಿದ್ದೆ ಇವರಿಗೆ," ಅಂದಳು ನರ್ಸ್, ಮುಖ ಬಿಳುಪಾಗಿ. "ಆಫೀಸಿನ ಮಾತ್ರೆ ಪಟ್ಟಿ ಬದಲಾಗ್ದೆ ನಾನು ಬಿಳೀದನ್ನ ತೆಗೆಯೋ ಹಾಗಿಲ್ಲ, ಹಾಳೇಲಿ ಬರೀರಿ, ಆಫೀಸಿನವರು ಡಾಕ್ಟರನ್ನ ಕೇಳ್ತಾರೆ ಅಂತ."

"ಬರೆದೆ," ಅಂದರು ಅವರು. ಪಕ್ಕದ ಡಬ್ಬಿ ತೆಗೆದು ತೋರಿಸಿದರು. ಒಳಗೆ ಬಿಳಿ ಮಾತ್ರೆಗಳು, ಒಂದೊಂದೂ ಒಂದೊಂದು ಚೀಟಿಯಲ್ಲಿ, ಮೇಲೆ ತಾರೀಖು. "ದಿನಾ ಬೆಳಿಗ್ಗೆ ನಾನೇ ಆರಿಸಿ ತೆಗೀತಿದ್ದೆ. ನಾಳೆ ಕಣ್ಣಿನ ಆಪರೇಷನ್. ಇನ್ನೊಂದು ಕಣ್ಣು ಮೊದಲೇ ಅಷ್ಟಕ್ಕಷ್ಟೆ. ನಾಳೆಯಿಂದ ಮಗಳು ಪೆಟ್ಟಿಗೇಲಿ ಇದ್ದಿದ್ದನ್ನೆಲ್ಲ ನನ್ನ ಬಾಯಿಗೆ ಹಾಕ್ತಾಳೆ. ಎರಡು ಸಲ ಬರೆದೆನಲ್ಲಮ್ಮ, ಯಾಕೆ ಯಾರೂ ಕೇಳಲಿಲ್ಲ?"

ನೆಲಕ್ಕೆ ಇಳಿದುಹೋಗುವಷ್ಟು ನಾಚಿಕೆಯಾಯಿತು. "ನಾನೇ ಬಿಟ್ಟುಬಿಟ್ಟೆ ಸರ್. ಹಾಳೆ ಚೆನ್ನಾಗಿ ಕಾಣ್ಲಿ ಅಂತ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಡಿಪೋದಲ್ಲಿ ನಮಗೆ ರಬ್ಬರೇ ಕೊಡ್ತಿರಲಿಲ್ಲ," ಅಂದರು. "ತಪ್ಪಾದ್ರೆ ಒಂದೇ ಗೆರೆ. ಕೆಳಗಿದ್ದದ್ದು ಓದೋಕೆ ಸಿಗ್ಬೇಕು. ಪಕ್ಕದಲ್ಲಿ ಸರಿಯಾದ್ದು, ಸಹಿ, ತಾರೀಖು, ಕಾರಣ. ಅಷ್ಟೇ."

ನರ್ಸ್ ಡಾಕ್ಟರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡಳು. ಬಿಳಿ ಮಾತ್ರೆ ಹೊರಗೆ ಹೋಯಿತು. ನಾನು ದಾರಿಯಲ್ಲಿ ಚಪ್ಪಲಿ ಹುಡುಕಿಕೊಂಡು ಆಫೀಸಿಗೆ ಬಂದು ಗಮನಿಸಿಯಮ್ಮನಿಗೆ ಎಲ್ಲ ಹೇಳಿದೆ. ಅವಳು ಉಸಿರು ಬಿಟ್ಟಳು. "ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮಿಂದ ಬಂದಿರೋ ಹಾಳೆಗಳಲ್ಲಿ ನಿಯಮದ ಪ್ರಕಾರ ತಿದ್ದಿರೋದು ಅವರ ಹಾಳೆಗಳನ್ನ ಮಾತ್ರ."

ಡ್ರಾಯರಿನಿಂದ ನನ್ನ ತೀರ್ಮಾನದ ಹಾಳೆ ತೆಗೆದೆ. 'ಬೇಡ' ಎನ್ನುವುದಕ್ಕೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 'ಬೇಕು' ಎಂದು ಬರೆದೆ. ಸಹಿ, ತಾರೀಖು. ಕಾರಣಗಳಿಗೆ ಬಿಟ್ಟಿದ್ದ ಅಷ್ಟಗಲ ಜಾಗದಲ್ಲಿ ಬರೆದದ್ದು ಇಷ್ಟೇ: 'ನಾನು ಬಿಟ್ಟದ್ದನ್ನು ಅವರು ಹಿಡಿದರು.' ಕುರ್ಚಿ ಹೋಯಿತು ಅಂತ ಗೊತ್ತಿತ್ತು. ಕಣ್ಣೀರು ಬಂತು, ಒರೆಸಿಕೊಂಡೆ. ಹಾಳೆಯ ಮೇಲೆ ಬೀಳಿಸಲಿಲ್ಲ, ಅಭ್ಯಾಸ ನೋಡಿ.

ಅತ್ತಿಗೆಗೆ ಮೊದಲು ನಡೆದದ್ದೆಲ್ಲ ಹೇಳಿದೆ. "ಒಂದು ಜೀವ ಹೋಗ್ತಿತ್ತು ಕಣೇ! ನಿನ್ನ ಚೆಂದಕ್ಕಿಷ್ಟು ಬೆಂಕಿ ಹಾಕ!" ಎಂದು ಕೆಳಗೆ ಲಾಂಡ್ರಿಯವರು ಇಸ್ತ್ರಿ ನಿಲ್ಲಿಸುವಷ್ಟು ಜೋರಾಗಿ ಬೈದರು. ಆಮೇಲೆ ಹಾಳೆ ಓದಿದರು. ಮತ್ತೆ ಓದಿದರು.

"ಬೇಡ ಅಂತ ಒಂದನೇ ತಾರೀಖೇ ಬರೆದಿಟ್ಟಿದ್ಯಾ?"

"ಹ್ಞೂಂ."

"ಹರಿದು ಹಾಕಿ ಹೊಸದು ಬರೆದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ."

"ಹನ್ನೊಂದು ವರ್ಷ ಅದನ್ನೇ ಮಾಡಿದ್ದಾಯ್ತಲ್ಲ ಅತ್ತಿಗೆ. ಕುರ್ಚಿ ಯಾವಾಗ ಖಾಲಿ ಮಾಡ್ಲಿ?"

"ಈಗ್ಲೇ ಮಾಡು. ಆ ಹುಡುಗಿಗೆ ಅಲ್ಲಿಂದ ಓಡೋಕಾಗಲ್ವಲ್ಲ. ನಾಳೆಯಿಂದ ನೀನು ಮನೆಮನೆಗೆ ಹೋಗು. ಹಾಳೇಲಿ ಏನು ಬರೆದಿದ್ದಾರೆ, ಏನು ಬರೆದಿಲ್ಲ ಅಂತ ಅವರ ಬಾಯಿಂದ ಕೇಳ್ಕೊಂಡು ಬಂದು ಅವಳಿಗೆ ಕಳಿಸು. ಅರ್ಧ ದಿನ, ಅರ್ಧ ಸಂಬಳ. ಕೋಪ ಬಂದ್ರೆ ನಿಮ್ಮಣ್ಣನ ಹತ್ರ ಹೋಗಿ ಅಳು."

ಎರಡು ದಿನ ಬಿಟ್ಟು ಹಸಿರು ಗೇಟಿಗೆ ಹೋದೆ. ಒಂಬತ್ತಕ್ಕೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದೆ. ಟೈಮ್ ಕೀಪರ್ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಮಗಳು ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಅವರು ಗೋಡೆ ಗಡಿಯಾರದ ಕಡೆ ಮುಖ ತಿರುಗಿಸಿದರು, ಏನೂ ಕಾಣಲಿಲ್ಲ. ಹಾಳೆಯನ್ನೂ ಪೆನ್ನನ್ನೂ ನನ್ನ ಕಡೆ ಚಾಚಿದರು.

"ನೀವೇ ಬರ್ಕೊಳ್ಳಿ. ಗಂಟೆ ಎಷ್ಟು?"

ಗಡಿಯಾರ ನೋಡಿದೆ. ಒಂಬತ್ತು ಅಂದಿದ್ದರೆ ಅವರು ನಂಬುತ್ತಿದ್ದರು.

"ಒಂಬತ್ತು ಏಳು ಸರ್," ಅಂದೆ.

"ಕಾರಣ?"

"ಸುಮ್ಮನೆ ತಡ ಮಾಡ್ದೆ."

"ಅದನ್ನೂ ಬರೀರಿ," ಅಂದರು. ಬರೆದೆ.