ಕುದುರೆ ಡಾಕ್ಟ್ರಮ್ಮನ ರಿವಾಲ್ವರ್

ನಾನೊಂದು ರಿವಾಲ್ವರ್. ಎರಡನೇ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇರುವಾಗ ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಒಬ್ಬ ನನ್ನ ನಳಿಗೆ ಕೊರೆದ. ಇನ್ನೊಬ್ಬ ಆರು ಗುಂಡು ಹಿಡಿಯುವ ಉರುಳೆಯನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ ಸದ್ದು ಕೇಳಿದ. ಒಬ್ಬ ಹೆಂಗಸು ನನ್ನ ಹಿಡಿಗೆ ಮರದ ತುಂಡು ಕೂರಿಸಿ, ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಹಾಕಿದಳು. ಅವರಲ್ಲಿ ಯಾರನ್ನೂ ನಾನು ಮತ್ತೆ ನೋಡಲಿಲ್ಲ.

ಹಳೆಯ ಮಾದರಿಯ ರಿವಾಲ್ವರುಗಳಲ್ಲಿ ಪ್ರತಿ ಗುಂಡಿಗೂ ಹಿಂಬದಿಯ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎತ್ತಿ ನಿಲ್ಲಿಸಬೇಕು. ನನಗೆ ಅದು ಬೇಕಿಲ್ಲ. ಕೆಳಗಿನ ಕೊಕ್ಕೆಯನ್ನು ಬೆರಳಿನಿಂದ ಎಳೆದರೆ ಸಾಕು. ಆ ಒಂದೇ ಎಳೆತಕ್ಕೆ ಉರುಳೆ ತಿರುಗುತ್ತದೆ, ಸುತ್ತಿಗೆ ಏಳುತ್ತದೆ, ಬೀಳುತ್ತದೆ. ಇದಕ್ಕೆ ಡಬಲ್ ಆ್ಯಕ್ಷನ್ ಎನ್ನುತ್ತಾರೆ. ಆದರೆ ಎಳೆತ ಬಲು ಬಿಗಿ. ಕನ್ನಡ ನಾಡಿಗೆ ಬಂದ ಮೇಲೆ ಗೊತ್ತಾಯಿತು, ಇಲ್ಲಿನ ಜನ ಆ ಕೊಕ್ಕೆಯನ್ನು ಕುದುರೆ ಎನ್ನುತ್ತಾರೆ. ಮುಂದೆ ನನ್ನ ಬದುಕು ನಿಜವಾದ ಕುದುರೆಗಳ ನಡುವೆಯೇ ಕಳೆಯುತ್ತದೆ ಎಂದು ಆಗ ತಿಳಿದಿರಲಿಲ್ಲ.

ನನ್ನನ್ನು ಹಡಗಿನಲ್ಲಿ ತಂದವನು ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿ. ಕೂಲಿ ಬಟವಾಡೆಯ ದಿನ ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಉಳಿದ ದಿನಗಳಲ್ಲಿ ನಾನು ಚರ್ಮದ ಚೀಲದಲ್ಲಿ ಗೋಡೆಗೆ ನೇತಾಡುತ್ತಿದ್ದೆ. ಅವನು ನನ್ನಿಂದ ಖಾಲಿ ಬಾಟಲಿಗಳಿಗಲ್ಲದೆ ಬೇರೆ ಯಾವುದಕ್ಕೂ ಹೊಡೆಯಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂತು. ಅವನು ಊರಿಗೆ ಹೊರಟ. ನಾಯಿಯನ್ನು ಅಡುಗೆಯವನಿಗೆ ಕೊಟ್ಟ, ಪಿಯಾನೋವನ್ನು ಕ್ಲಬ್ಬಿಗೆ ಕೊಟ್ಟ, ನನ್ನನ್ನು ಬೆಂಗಳೂರಿನ ಬಂದೂಕಿನ ಅಂಗಡಿಯ ಗೌಸ್ ಸಾಹೇಬರಿಗೆ ಮಾರಿದ.

ಅಂಗಡಿಯ ಗಾಜಿನ ಬೀರುವಿನಲ್ಲಿ ನಾನು ಎಷ್ಟೋ ವರ್ಷ ಇದ್ದೆ. ಬಂದವರೆಲ್ಲ ಹೊಸ ಮಾಲು ಕೇಳುತ್ತಿದ್ದರು. ನನ್ನನ್ನು ಕೈಗೆತ್ತಿಕೊಂಡು, "ಏನ್ ಸಾಹೇಬ್ರೇ, ನಿಮ್ಮಷ್ಟೇ ವಯಸ್ಸಾಗಿರ್ಬೇಕು ಇದಕ್ಕೆ" ಎಂದು ನಗಾಡಿ ಇಟ್ಟುಬಿಡುತ್ತಿದ್ದರು. ಸಾಹೇಬರೂ ನಗುತ್ತಿದ್ದರು. ಆಮೇಲೆ ಅಂಗಡಿ ಖಾಲಿಯಾದಾಗ ನನಗೆ ಎಣ್ಣೆ ಹಚ್ಚುತ್ತಿದ್ದರು.

ಒಂದು ಬೇಸಿಗೆಯಲ್ಲಿ ಒಬ್ಬ ಹೆಂಗಸು ಅಂಗಡಿಗೆ ಬಂದರು. ಬಿಳಿ ಹತ್ತಿ ಸೀರೆ, ಕಾಲಿಗೆ ಗಂಡಸರ ಬೂಟು. ಸಾಹೇಬರು ಅವರ ಬೆನ್ನ ಹಿಂದೆ ಬಾಗಿಲ ಕಡೆ ನೋಡಿದರು.

"ಯಜಮಾನ್ರು ಹಿಂದೆ ಬರ್ತಾ ಇದಾರಾ ಅಮ್ಮಾ?"

"ಯಜಮಾನ್ರು ಯಾರೂ ಇಲ್ರೀ. ನಾನ ಬಂದೀನಿ. ನಾನ ತಗೊಳ್ಳಾಕಿ."

ಅವರು ಡಾಕ್ಟರ್ ನೀಲಾಂಬಿಕಾ ಹೊಸಮನಿ. ಧಾರವಾಡದ ಕಡೆಯವರು. ದೊಡ್ಡಬಳ್ಳಾಪುರದ ಆಚೆ, ರೇಸಿನ ಕುದುರೆಗಳನ್ನು ಸಾಕುವ ಖಾಸಗಿ ಫಾರಂ ಒಂದರಲ್ಲಿ ಪಶುವೈದ್ಯರು. ಲೈಸೆನ್ಸಿನ ಕಾಗದವನ್ನು ಮೇಜಿನ ಮೇಲಿಟ್ಟರು. ಸಾಹೇಬರು ಅದನ್ನು ಓದಿ, ಕನ್ನಡಕ ತೆಗೆದು ಕೇಳಿದರು: "ಬೇಜಾರ್ ಮಾಡ್ಕೋಬೇಡಿ. ಯಾರಿಗೆ ಹೊಡೆಯೋಕಮ್ಮಾ ಇದು?"

"ಕುದರಿಗೆ" ಎಂದರು ಡಾಕ್ಟ್ರಮ್ಮ.

ಆಮೇಲೆ ಅವರು ಹೇಳಿದ್ದನ್ನು ನಾನು ಬೀರುವಿನೊಳಗಿಂದಲೇ ಕೇಳಿಸಿಕೊಂಡೆ. ಹಿಂದಿನ ವರ್ಷ ಫಾರಮ್ಮಿನಲ್ಲಿ ಒಂದು ಹೆಣ್ಣು ಕುದುರೆ ಬೇಲಿ ಹಾರಲು ಹೋಗಿ ಕಾಲು ಮುರಿದುಕೊಂಡಿತ್ತು. ಅಷ್ಟು ತೂಕದ ಪ್ರಾಣಿ ಮೂರು ಕಾಲಿನ ಮೇಲೆ ಬದುಕಲಾರದು. ಅಂಥ ಕುದುರೆಯನ್ನು ನೋವಿಲ್ಲದೆ ಮಲಗಿಸುವ ಸೂಜಿಮದ್ದು ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ. ಬಂದೂಕು ಇದ್ದದ್ದು ಪೊಲೀಸರ ಹತ್ತಿರ. ಅವರು ಯಾವುದೋ ಬಂದೋಬಸ್ತಿಗೆ ಹೋಗಿದ್ದರು. ಬೆಳಿಗ್ಗೆ ಬಿದ್ದ ಕುದುರೆ ಸಂಜೆಯವರೆಗೆ ಬಿಸಿಲಿನಲ್ಲಿ ಒದ್ದಾಡಿತು.

"ನಾನು ಬಾಜೂಕ ಕುಂತು ಅದರ ಕಣ್ಣಿಗೆ ನೀರು ಹೊಡಿಯೂದು, ನೊಣಾ ಹೊಡಿಯೂದು, ಇಷ್ಟ ಮಾಡಿದೆ. ಡಾಕ್ಟರ್ ಅಂತ ಪಗಾರ ತಗೋತೀನಿ ನಾನು" ಎಂದರು.

ಸಾಹೇಬರು ಹೊಸ ಪಿಸ್ತೂಲುಗಳನ್ನು ತೋರಿಸಲೇ ಇಲ್ಲ. ನೇರವಾಗಿ ನನ್ನನ್ನು ತೆಗೆದು ಅವರ ಕೈಗಿಟ್ಟರು. "ಹಳೇ ಮಾಲು. ಕೊಳ್ಳೋ ಮುಂಚೆ ಸರಿಯಾಗಿ ನೋಡ್ಬೇಕು. ಇಲ್ಲಿ ನಡುವೆ ಕೀಲು ಇದೆ, ಮಡಚಿ. ಬೆಳಕಿಗೆ ಹಿಡಿದು ನಳಿಗೆ ನೋಡಿ, ತುಕ್ಕು ಇದ್ಯಾ? ಉರುಳೆ ಅಲ್ಲಾಡಿಸಿ. ಸಡಿಲ ಇದ್ರೆ ಬಿಟ್ಬಿಡಿ, ತಗೋಬೇಡಿ."

ಡಾಕ್ಟ್ರಮ್ಮ ಕುದುರೆಯ ಹಲ್ಲು ನೋಡುವವರಂತೆ ನನ್ನ ಮೂಲೆಮೂಲೆಯನ್ನೂ ನೋಡಿದರು. ಕೊನೆಗೆ ಖಾಲಿ ಕುದುರೆ ಎಳೆದು ನೋಡಲು ಹೋದರು. ಅರ್ಧಕ್ಕೆ ಬಂದು ಬೆರಳು ನಿಂತಿತು. ಮುಖ ಕೆಂಪಾಯಿತು.

"ಭಾಳ ಬಿಗಿ ಐತ್ರೀ."

"ಹೆಬ್ಬೆರಳಿಂದ ಸುತ್ತಿಗೆ ಎತ್ತಿ ಹೊಡೀಬೋದು, ಆಗ ಹಗುರ. ಆದ್ರೆ ಒಂದು ಕೈಲಿ ಪ್ರಾಣಿ ಹಿಡ್ಕೊಂಡು, ಇನ್ನೊಂದು ಕೈಲಿ ಹೊಡೀಬೇಕಾದ್ರೆ ಈ ಎಳೆತಾನೇ ಕಲೀಬೇಕು. ಗುಂಡು ಹುಸಿ ಹೋದ್ರೂ ಚಿಂತೆ ಇಲ್ಲ, ಇನ್ನೊಂದು ಸಲ ಎಳೆದ್ರೆ ಮುಂದಿನದು ತಾನೇ ಬರುತ್ತೆ."

ಹೀಗೆ ನಾನು ಫಾರಮ್ಮಿಗೆ ಬಂದೆ.

ಡಾಕ್ಟ್ರಮ್ಮನ ಕ್ವಾರ್ಟರ್ಸು ಲಾಯಗಳಿಂದ ದೂರ, ನೀಲಗಿರಿ ತೋಪಿನ ಪಕ್ಕದಲ್ಲಿತ್ತು. ಒಂದು ಮಂಚ, ಒಂದು ರೇಡಿಯೋ, ಒಂದು ಕುರ್ಚಿ. ಎರಡನೇ ಕುರ್ಚಿ ಇರಲಿಲ್ಲ, ಯಾಕೆಂದರೆ ಯಾರೂ ಬರುತ್ತಿರಲಿಲ್ಲ. ಲಾಯದ ಆಳುಗಳಿಗೆ ಅವರ ಮಾತು ಅರ್ಥವಾದರೂ ಹಿಂದಿನಿಂದ ಅಣಕಿಸಿ ನಗುತ್ತಿದ್ದರು. ಹೆಣ್ಣು ಡಾಕ್ಟರು ಗಂಡು ಕುದುರೆಯ ಹತ್ತಿರ ಹೋಗುವುದೇ ಅವರಿಗೆ ತಮಾಷೆ. ಲಾಯದ ಮೇಸ್ತ್ರಿ ಪಿಳ್ಳಪ್ಪ ಮಾತ್ರ ನಗುತ್ತಿರಲಿಲ್ಲ. ಹಾಗೆಂದು ಕೆಲಸಕ್ಕೆ ಬೇಕಾದಷ್ಟು ಬಿಟ್ಟರೆ ಮಾತನಾಡುತ್ತಲೂ ಇರಲಿಲ್ಲ. ಅವನಿಗೆ ಮಾತು ಇದ್ದದ್ದೆಲ್ಲ ಕುದುರೆಗಳ ಜೊತೆ.

ಮೊದಮೊದಲು ಡಾಕ್ಟ್ರಮ್ಮ ನನ್ನನ್ನು ಒಣಗಿದ ಕೆರೆಯ ಏರಿಯ ಹತ್ತಿರ ಒಯ್ದು ಗುಂಡು ಹೊಡೆದರು. ಎರಡೂ ಕೈಯಲ್ಲಿ ಹಿಡಿದು ಎಳೆಯುವಷ್ಟರಲ್ಲಿ ನನ್ನ ಮೂತಿ ಕೆಳಕ್ಕೆ ಜಾರುತ್ತಿತ್ತು. ಗುಂಡು ಅವರ ಬೂಟಿನ ಮುಂದಿನ ಮಣ್ಣಿಗೇ ಬೀಳುತ್ತಿತ್ತು. ಲೈಸೆನ್ಸಿಗೆ ಕೊಡುವ ಗುಂಡುಗಳು ಕಡಿಮೆ; ಹಾಳು ಮಾಡುವ ಹಾಗಿರಲಿಲ್ಲ. ಆದ್ದರಿಂದ ದಿನಾ ಸಂಜೆ ಕುರ್ಚಿಯಲ್ಲಿ ಕೂತು, ಖಾಲಿ ನನ್ನನ್ನು ಗೋಡೆಯ ಕಡೆ ಹಿಡಿದು ಕುದುರೆ ಎಳೆಯುತ್ತಿದ್ದರು. ರೇಡಿಯೋದಲ್ಲಿ ವಾರ್ತೆ ಬರುತ್ತಿತ್ತು, ನನ್ನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿತ್ತು. ಒಮ್ಮೊಮ್ಮೆ ನನ್ನ ಜೊತೆಗೇ ಮಾತಾಡುತ್ತಿದ್ದರು. "ಇವತ್ತ ಯಾರೂ ನನ್ನ ಕೂಡ ಒಂದು ಮಾತೂ ಆಡಿಲ್ಲ ನೋಡು. ಕುದರಿ ಮಾತ್ರ ಕೆನದ್ವು." ಮಳೆಗಾಲ ಬರುವಷ್ಟರಲ್ಲಿ ಅವರ ಬೆರಳು ಗಟ್ಟಿಯಾಯಿತು. ನನ್ನ ಮೂತಿ ಕದಲದಾಯಿತು.

ಆಷಾಢದ ಗಾಳಿ ಜೋರಾಗಿದ್ದ ಒಂದು ಬೆಳಿಗ್ಗೆ ಲಾಯದ ತಗಡಿನ ಶೀಟೊಂದು ಕಿತ್ತು ಹಾರಿತು. ಮೈದಾನದಲ್ಲಿ ಮೇಯುತ್ತಿದ್ದ ಕುದುರೆಗಳು ಬೆದರಿ ಓಡಿದವು. ಚಿನ್ನಿ ಎಂಬ ಹೆಣ್ಣು ಕುದುರೆಯ ಮುಂಗಾಲು ಸಿಮೆಂಟಿನ ಕಾಲುವೆಯೊಳಗೆ ಸಿಕ್ಕಿಕೊಂಡಿತು. ರೇಸಿನ ಪುಸ್ತಕದಲ್ಲಿ ಅವಳಿಗೆ ಇಂಗ್ಲಿಷಿನ ಉದ್ದದ ಹೆಸರಿತ್ತು. ಚಿನ್ನಿ ಎಂಬುದು ಪಿಳ್ಳಪ್ಪ ಇಟ್ಟದ್ದು. ಹುಟ್ಟಿದ ದಿನವೇ ತಾಯಿ ಸತ್ತ ಮರಿಯನ್ನು ಅವನು ಹಸುವಿನ ಹಾಲು ಕುಡಿಸಿ, ಲಾಯದಲ್ಲೇ ಪಕ್ಕಕ್ಕೆ ಮಲಗಿ ಬದುಕಿಸಿದ್ದ.

ಡಾಕ್ಟ್ರಮ್ಮ ನನ್ನನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಓಡಿಬಂದರು. ಮಂಡಿಯೂರಿ ಕಾಲು ಮುಟ್ಟಿ ನೋಡಿದರು. ಚರ್ಮ ಹರಿದು ಮೂಳೆ ಹೊರಗೆ ಬಂದಿತ್ತು.

"ಕಟ್ಟು ಹಾಕಿ ಡಾಕ್ಟ್ರಮ್ಮಾ. ನಾನ್ ನೋಡ್ಕೊತೀನಿ" ಎಂದ ಪಿಳ್ಳಪ್ಪ.

"ಎಲಬು ಪುಡಿಪುಡಿ ಆಗೇತಿ ಪಿಳ್ಳಪ್ಪ. ಇದು ಕೂಡಾಂಗಿಲ್ಲ. ನಿಲ್ಲಾಕ ಆಗಾಂಗಿಲ್ಲ."

"ನಿಂತ್ಕೊಳ್ದಿದ್ರೆ ನಾನ್ ನಿಲ್ಲಿಸ್ತೀನಿ. ಹಗ್ಗ ಕಟ್ಟಿ ಎತ್ತಿ ನಿಲ್ಲಿಸ್ತೀನಿ."

"ಎಷ್ಟು ದಿನಾ ನಿಲ್ಲಸ್ತೀ?"

ಚಿನ್ನಿ ಏಳಲು ನೋಡಿ ಮತ್ತೆ ಬಿದ್ದಳು. ಪಿಳ್ಳಪ್ಪ ಹೋಗಿ ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡ. ಡಾಕ್ಟ್ರಮ್ಮ ಎಡಗೈಯನ್ನು ಅವಳ ಹಣೆಯ ಮೇಲಿಟ್ಟು, ಒಂದೊಂದು ಕಣ್ಣಿನಿಂದ ಎದುರು ಬದಿಯ ಕಿವಿಗೆ ಅಡ್ಡಗೆರೆ ಎಳೆದ ಹಾಗೆ ಬೆರಳಾಡಿಸಿ ಜಾಗ ಗುರುತು ಮಾಡಿದರು. ನನ್ನನ್ನು ಅಲ್ಲಿಗೆ ಹಿಡಿದರು. ಕುದುರೆ ಎಳೆದರು.

ಟಕ್ ಎಂದಿತು. ಅಷ್ಟೇ. ಗುಂಡು ಹಾರಲಿಲ್ಲ. ತಂಡಿ ಹಿಡಿದ ಹಳೆಯ ಗುಂಡು ಅದು.

ಪಿಳ್ಳಪ್ಪ ತಲೆಯೆತ್ತಿದ. ಅವನ ಮುಖದಲ್ಲಿ ಬಂದ ಆಸೆಯನ್ನು ನಾನು ಅಷ್ಟು ಹತ್ತಿರದಿಂದ ನೋಡಬಾರದಾಗಿತ್ತು.

"ನೋಡಿದ್ರಾ! ದೇವ್ರೂ ಬ್ಯಾಡ ಅಂತವ್ನೆ. ಬಿಟ್ಬುಡಿ ಡಾಕ್ಟ್ರಮ್ಮಾ. ನಿಮ್ ಕಾಲಿಗ್ ಬೀಳ್ತೀನಿ, ಬಿಟ್ಬುಡಿ."

ಡಾಕ್ಟ್ರಮ್ಮನ ಬೆರಳು ನನ್ನ ಮೇಲೇ ಇತ್ತು. ಅದರೊಳಗೆ ನಾಡಿ ಹೊಡೆದುಕೊಳ್ಳುತ್ತಿದ್ದುದು ನನಗೆ ತಿಳಿಯುತ್ತಿತ್ತು. ನಾನು ಬೇರೆ ಮಾದರಿಯದಾಗಿದ್ದರೆ ಅವರು ನನ್ನನ್ನು ಕೆಳಗಿಳಿಸಿ ಸುತ್ತಿಗೆ ಎತ್ತಬೇಕಾಗುತ್ತಿತ್ತು. ಆ ಹೊತ್ತಿನಲ್ಲಿ ಮನಸ್ಸು ಬದಲಾಗುತ್ತಿತ್ತೋ ಏನೋ. ಚಿನ್ನಿ ನರಳಿದಳು. ಬೆರಳು ಮತ್ತೆ ಎಳೆಯಿತು, ಒಂದೇ ಸಮನೆ, ಕೊನೆಯವರೆಗೆ.

ಈ ಸಲ ನಾನು ಗುಡುಗಿದೆ. ಚಿನ್ನಿಯ ಕುತ್ತಿಗೆ ಪಿಳ್ಳಪ್ಪನ ತೊಡೆಯ ಮೇಲೆ ಸಡಿಲವಾಯಿತು. ನೋವು ನಿಂತದ್ದು ಎಲ್ಲರಿಗೂ ಕಂಡಿತು.

"ದೇವ್ರ್ ಮಾತು ಕೇಳ್ಲಿಲ್ಲ ನೀವು" ಎಂದ ಪಿಳ್ಳಪ್ಪ, ಮೆಲ್ಲಗೆ.

ಡಾಕ್ಟ್ರಮ್ಮ ಮನೆಗೆ ಬಂದು ನನ್ನನ್ನು ಮಡಚಿ, ನಳಿಗೆಗೆ ಬಟ್ಟೆ ತೂರಿಸಿ ಒರೆಸಿದರು. ಎಣ್ಣೆ ಬಾಟಲಿ ಕೈತಪ್ಪಿ ಬಿದ್ದು ಒಡೆಯಿತು. ಅದನ್ನು ಬಳಿಯಲು ನೆಲಕ್ಕೆ ಕೂತವರು ಬಹಳ ಹೊತ್ತು ಏಳಲೇ ಇಲ್ಲ.

ಆವತ್ತಿನಿಂದ ಪಿಳ್ಳಪ್ಪ ಅವರ ಜೊತೆ ಮಾತು ಬಿಟ್ಟ. ಔಷಧ ಕೇಳಬೇಕಾದರೂ ಬೇರೆ ಆಳಿನ ಕೈಲಿ ಹೇಳಿಕಳಿಸುತ್ತಿದ್ದ. ಡಾಕ್ಟ್ರಮ್ಮ ಸಂಜೆ ಖಾಲಿ ಕುದುರೆ ಎಳೆಯುವುದನ್ನು ನಿಲ್ಲಿಸಿದರು. ರೇಡಿಯೋ ಒಂದೇ ಮಾತಾಡುತ್ತಿತ್ತು. ತಿಂಗಳಿಗೊಮ್ಮೆ ನನಗೆ ಎಣ್ಣೆ ಹಚ್ಚುವಾಗ ಮಾತ್ರ ಅವರು ನನ್ನನ್ನು ಸ್ವಲ್ಪ ಹೆಚ್ಚು ಹೊತ್ತು ಕೈಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಮಾತಿಲ್ಲದ ಎರಡು ಮಳೆಗಾಲ ಹೀಗೆ ಹೋದವು.

ಆಮೇಲೊಂದು ಚಳಿಗಾಲದ ಮಧ್ಯಾಹ್ನ ಪಿಳ್ಳಪ್ಪ ತಾನೇ ಕ್ವಾರ್ಟರ್ಸಿನ ಬಾಗಿಲಿಗೆ ಬಂದು ನಿಂತ. ಮುದಿ ಗಂಡು ಕುದುರೆಯೊಂದಕ್ಕೆ ಕರುಳು ತಿರುಚಿಕೊಂಡು ಎರಡು ದಿನವಾಗಿತ್ತು. ಡಾಕ್ಟ್ರಮ್ಮ ತಮಗೆ ತಿಳಿದ ಔಷಧವನ್ನೆಲ್ಲ ಕೊಟ್ಟು ನೋಡಿದ್ದರು.

"ಪೆಟ್ಟಿಗೆ ತಗೊಂಬನ್ನಿ ಡಾಕ್ಟ್ರಮ್ಮಾ."

"ಯಾವುದು? ಔಷಧದ್ದೇನು?"

"ಅದಲ್ಲ. ಇನ್ನೊಂದು." ಅವನು ನೆಲ ನೋಡುತ್ತಿದ್ದ. "ಗ್ವಾಡೆಗೆ ತಲೆ ಚಚ್ಕೊತಾ ಐತೆ. ನೋಡಾಕಾಗಲ್ಲ. ನಾನೇ ತಲೆ ಹಿಡ್ಕೊತೀನಿ."

ಅವನು ತಲೆ ಹಿಡಿದ. ಡಾಕ್ಟ್ರಮ್ಮ ಹಣೆ ಸವರಿದರು. ನಾನು ಒಂದೇ ಸಲಕ್ಕೆ ಕೆಲಸ ಮುಗಿಸಿದೆ. ಆಮೇಲೆ ಪಿಳ್ಳಪ್ಪ ಅವರ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದ. ಇಬ್ಬರೂ ಚಿನ್ನಿಯ ಹೆಸರು ಎತ್ತಲಿಲ್ಲ. ಅವನು ಎದ್ದು ಕಪ್ಪು ತೊಳೆದಿಟ್ಟು ಹೋದ. ಮುಂದೆ ಅವರಿಬ್ಬರೂ ಎಷ್ಟೋ ವರ್ಷ ಒಟ್ಟಿಗೆ ಕೆಲಸ ಮಾಡಿದರು. ಹುಲ್ಲು, ಲಾಳ, ಹೆರಿಗೆ, ಜ್ವರ, ಇಷ್ಟೇ ಅವರ ಮಾತು. ಅದಕ್ಕಿಂತ ಹೆಚ್ಚು ಮಾತು ಇಬ್ಬರಿಗೂ ಬರುತ್ತಿರಲಿಲ್ಲ.

ಫಾರಂ ಮಾರಾಟವಾಯಿತು. ಮೈದಾನದ ತುಂಬ ಸೈಟಿನ ಕಲ್ಲು ನೆಟ್ಟರು. ಕುದುರೆಗಳನ್ನು ಲಾರಿಯಲ್ಲಿ ಎಲ್ಲೆಲ್ಲಿಗೋ ಸಾಗಿಸಿದರು. ಡಾಕ್ಟ್ರಮ್ಮ ಊರಿಗೆ ಹಿಂದಿರುಗಲಿಲ್ಲ. ಅಲ್ಲಿ ಅವರನ್ನು ಗುರುತು ಹಿಡಿಯುವವರು ಯಾರೂ ಉಳಿದಿರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಒಂದು ಸಣ್ಣ ಮನೆ ಮಾಡಿದರು. ಚುನಾವಣೆ ಬಂದಾಗಲೆಲ್ಲ ಬಂದೂಕುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಅವರೂ ನನ್ನನ್ನು ಬಟ್ಟೆಯಲ್ಲಿ ಸುತ್ತಿ ತಂದು ಕೊಡುತ್ತಿದ್ದರು, ಮುಗಿದ ಮೇಲೆ ಬಂದು ಒಯ್ಯುತ್ತಿದ್ದರು. ಕೊನೆಯ ಸಲ ಬಂದಾಗ ಕೈಯಲ್ಲಿ ಕೋಲಿತ್ತು. "ಎಣ್ಣಿ ಹಚ್ಚಿಟ್ಟೀನ್ರೀ, ಸದ್ಯಕ್ಕ ತುಕ್ಕು ಹಿಡಿಯಾಂಗಿಲ್ಲ" ಎಂದು ಪೇದೆಗೆ ಹೇಳಿ ಹೋದರು. ಚುನಾವಣೆ ಮುಗಿಯಿತು. ಉಳಿದವರೆಲ್ಲ ಬಂದು ತಮ್ಮ ತಮ್ಮ ಬಂದೂಕು ತೆಗೆದುಕೊಂಡು ಹೋದರು. ನಾನು ಉಳಿದೆ.

ಬಹಳ ದಿನಗಳಾದ ಮೇಲೆ ಒಬ್ಬ ಮುದುಕ ಠಾಣೆಗೆ ಬಂದ. ಬೆನ್ನು ಬಾಗಿತ್ತು. ಧ್ವನಿಯಿಂದ ಗುರುತು ಹಿಡಿದೆ, ಪಿಳ್ಳಪ್ಪ.

"ಕುದ್ರೆ ಡಾಕ್ಟ್ರಮ್ಮ ತೀರ್ಕೊಂಡ್ರು ಸಾಮಿ. ಅವ್ರ ರಿವಾಲ್ವರ್ ಇಲ್ಲೈತೆ. ಹೇಳ್ಬೇಕಲ್ಲ ಅಂತ ಬಂದೆ."

ಎಎಸ್‌ಐ ಕೇಳಿದರು: "ನೀವು ಅವ್ರಿಗೆ ಏನಾಗ್ಬೇಕು?"

"ಏನೂ ಆಗಲ್ಲ. ಅವ್ರ್ ಜೊತೆ ಕುದ್ರೆ ನೋಡ್ಕೊತಿದ್ದೆ."

"ಮನೆಯವ್ರು ಯಾರಿದಾರೆ?"

"ಯಾರೂ ಇಲ್ಲ. ಮಣ್ಣು ನಾನೇ ಮಾಡ್ದೆ."

ಒಂದು ಸಲ ನೋಡಬಹುದೇ ಎಂದು ಕೇಳಿದ. ಪೇದೆ ನನ್ನನ್ನು ಬಟ್ಟೆಯಿಂದ ಬಿಚ್ಚಿ ಮೇಜಿನ ಮೇಲಿಟ್ಟ. ಪಿಳ್ಳಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿ ನೋಡಿದ.

"ಇದನ್ನ ಏನ್ ಮಾಡ್ತೀರಿ?"

"ವಾರಸುದಾರ್ರು ಇಲ್ದಿದ್ರೆ ಮೇಲಿನೋರು ಹೇಳ್ದಂಗೆ. ಕರಗಿಸಿದ್ರೂ ಕರಗಿಸ್ಬೋದು."

"ಕರಗಿಸ್ಬುಡಿ. ಬ್ಯಾರೆಯವ್ರ ಕೈಗೆ ಬ್ಯಾಡ."

ಬಾಗಿಲವರೆಗೆ ಹೋದವನು ಅಲ್ಲೇ ನಿಂತ. ಠಾಣೆಯವರಿಗೆ ಹೇಳಿದನೋ, ಹೊರಗಿನ ಬಿಸಿಲಿಗೆ ಹೇಳಿದನೋ ತಿಳಿಯದು.

"ಆವತ್ತು ಅವ್ರ್ ಮಾಡಿದ್ದು ಸರಿಯಾಗೇ ಇತ್ತು. ಒಂದ್ ಮಾತು ಹೇಳ್ಲಿಲ್ಲ ನಾನು, ಅವ್ರಿಗೆ."

ಎಎಸ್‌ಐ ಪೇದೆಯ ಮುಖ ನೋಡಿದರು. ಪೇದೆ ಭುಜ ಹಾರಿಸಿದ. ಯಾವತ್ತು, ಏನು ಎಂದು ಅವರಿಗೆ ಗೊತ್ತಿರಲಿಲ್ಲ. ಅದನ್ನು ಬಲ್ಲ ಇನ್ನೊಬ್ಬ ಆ ಕೋಣೆಯಲ್ಲಿ ನಾನು ಮಾತ್ರ ಇದ್ದೆ. ಪೇದೆ ನನ್ನನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ.

ಇಲ್ಲಿ ನನ್ನ ಅಕ್ಕಪಕ್ಕದಲ್ಲಿ ನಾಡಬಂದೂಕುಗಳೂ ಮಚ್ಚುಗಳೂ ಇವೆ. ಒಂದೊಂದಕ್ಕೂ ಒಂದೊಂದು ಕೇಸಿನ ಚೀಟಿ ಕಟ್ಟಿದ್ದಾರೆ. ಬಂದವರು ಪೆಟ್ಟಿಗೆ ತೆರೆದಾಗ ನನ್ನನ್ನೂ ಅದೇ ಭಯದಿಂದ ನೋಡುತ್ತಾರೆ. ಕರಗುವುದಕ್ಕೆ ನನಗೆ ಅಂಜಿಕೆಯಿಲ್ಲ. ಆದರೆ ಪಿಳ್ಳಪ್ಪನ ಆ ಮಾತು ನನ್ನ ಬಳಿಗೆ ಬಂದು ನಿಂತುಬಿಟ್ಟಿದೆ. ಸೇರಬೇಕಾದವರಿಗೆ ಅದನ್ನು ತಲುಪಿಸಲು ನನಗೆ ದಾರಿಯಿಲ್ಲ.