ದೇವರ ಬನದ ಕಸ

ನನ್ನ ಗಂಡ ರಘುವೀರ ಪ್ರವಾಸಿಗರ ಮುಂದೆ ಹೇಳುವ ಮಾತು ನನಗೆ ಬಾಯಿಪಾಠ: "ಈ ಕಾಡಿನ ಒಂದು ಮರವನ್ನೂ ನಾವು ಕಡಿದಿಲ್ಲ." ಮಾತು ನಿಜ. ಅದಕ್ಕೇ ನನಗೆ ಮೈ ಉರಿಯುತ್ತದೆ. ಗೋವೆಯ ಕಾಣಕೋಣದ ಈ ಗುಡ್ಡದ ಮಸಾಲೆ ತೋಟಕ್ಕೆ ಇವರು ಮ್ಯಾನೇಜರ್. ದೊಡ್ಡ ಮರಗಳನ್ನು ನೆರಳಿಗೆಂದು ಬಿಟ್ಟು, ಕೆಳಗಿನ ಗಿಡ, ಬಳ್ಳಿ, ಮರದ ಸಸಿ ಎಲ್ಲವನ್ನೂ ಸವರಿಸಿ ಏಲಕ್ಕಿ ಹಚ್ಚಿಸಿದ್ದಾರೆ. ಮುದುಕರನ್ನಷ್ಟೇ ಉಳಿಸಿ ಮಕ್ಕಳನ್ನೆಲ್ಲ ಕೊಂದ ಮನೆಯಂತಿದೆ ಕಾಡು.

ಸವರುವುದರಲ್ಲಿ ಹುಲಿಗೆವ್ವನನ್ನು ಮೀರಿಸುವವರಿಲ್ಲ. ವಿಜಾಪುರದ ಕಡೆಯವಳು, ಗಂಡ ಚಂದಪ್ಪನೊಂದಿಗೆ ಝುವಾರಿನಗರ ಬಿಟ್ಟು ಇಲ್ಲಿಗೆ ಬಂದವಳು. ಜೋಳದ ಹೊಲದಲ್ಲಿ ಪಳಗಿದ ಕೈ. ಬಿತ್ತಿದ್ದೊಂದು ಬಿಟ್ಟು ಉಳಿದದ್ದೆಲ್ಲ ಅವಳಿಗೆ ಕಸ. ಇವರಿಗೆ ಬೇಕಾಗಿದ್ದದ್ದೂ ಅಂಥ ಕೈಯೇ.

ಗುಡ್ಡದ ಅಂಚಿನಲ್ಲಿರುವ ವೇಳಿಪ ಬುಡಕಟ್ಟಿನ ಹೆಂಗಸು ಶೇವಂತಿ. ಹುಲಿಗೆವ್ವ ಜ್ವರದಿಂದ ಮಲಗಿದಾಗ ಗಂಜಿ ಕುಡಿಸಿ ಬದುಕಿಸಿದವಳು ಅವಳೇ. ಅಂದಿನಿಂದ ಇಬ್ಬರೂ ಅಕ್ಕತಂಗಿಯರ ಹಾಗೆ.

ಶೇವಂತಿಯ ಮನೆಯಲ್ಲಿ ಚೌತಿಗೊಂದು ಕಟ್ಟಳೆ. ಗಣಪತಿಯ ತಲೆಯ ಮೇಲೆ ಮಾಟೋಳಿ, ಅಂದರೆ ಕಾಡಿನ ಕಾಯಿ, ಹೂ ಕಟ್ಟಿದ ಚಪ್ಪರ, ತೂಗಬೇಕು. ಅದರ ನಡುವೆ ತಮ್ಮದೇ ಗುಡ್ಡದ ಕಾಂಗಲ ಬಳ್ಳಿಯ ಹಳದಿ ಗೊಂಚಲು ಇರಲೇಬೇಕು. ಪೇಟೆಯಿಂದ ತಂದದ್ದು ನಡೆಯದು. ಅದಿಲ್ಲದೆ ದೇವರನ್ನು ಮನೆಯೊಳಗೆ ತರುವಂತಿಲ್ಲ. ಒಂದು ಕಾಲಕ್ಕೆ ಗುಡ್ಡದ ತುಂಬ ಇದ್ದ ಬಳ್ಳಿ ಆ ಹೊತ್ತಿಗೆ ಉಳಿದಿದ್ದದ್ದು ತೋಟದ ನಡುವಿನ ದೇವರ ಬನದಲ್ಲಿ ಮಾತ್ರ. ಚೌತಿಯ ಆ ಒಂದು ಗೊಂಚಲು ಬಿಟ್ಟರೆ ಅಲ್ಲಿ ಉದುರಿದ ಎಲೆಯನ್ನೂ ಯಾರೂ ಎತ್ತುವುದಿಲ್ಲ. ಊರಿಗೆ ಹೆದರಿ ಇವರೂ ಅದನ್ನು ಮುಟ್ಟಿರಲಿಲ್ಲ. ಹುಲಿಗೆವ್ವನಿಗೆ ಇಲ್ಲಿ ಅದು ಮೊದಲ ಚೌತಿ, ಈ ಕಟ್ಟಳೆಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಎರಡು ಸಾವಿರದ ಆರರ ಚೌತಿಯ ಹಿಂದಿನ ದಿನ ಹುಲಿಗೆವ್ವ ನನ್ನ ಬಾಗಿಲಿಗೆ ಬಂದಳು. ಸೀರೆಯೆಲ್ಲ ಕೆಸರು, ಮುಖದ ತುಂಬ ನಗು.

"ಅಕ್ಕಾರ, ನಮ್ಮ ಶೇವಂತಕ್ಕನ ದೇವರ ಜಾಗಾ ನೋಡಬರ್ರಿ. ಪಾಪ, ಹಾಳ ಬಿದ್ದಿತ್ರಿ. ನಮ್ಮೂರಾಗ ಹಬ್ಬ ಬಂತಂದ್ರ ಗುಡಿ ಸುತ್ತ ಒಂದ ಕಸಾ ಬಿಡಂಗಿಲ್ರಿ. ಎಲ್ಲಾ ಬೇರಸಮೇತ ಕಿತ್ತು, ಸಗಣಿ ಸಾರಿಸೇನ್ರಿ. ಆಕಿಗೆ ಇನ್ನಾ ಹೇಳಿಲ್ರಿ."

ಮಾಡುತ್ತಿದ್ದ ಕೆಲಸ ಅಲ್ಲಿಗೇ ಬಿಟ್ಟೆ. ಇಬ್ಬರೂ ಹೋದೆವು. ಮರಗಳು ನಿಂತಿದ್ದವು, ಬನ ಇರಲಿಲ್ಲ. ದೇವರ ಕಲ್ಲಿನ ಸುತ್ತ ನುಣ್ಣನೆಯ ಅಂಗಳ, ಅದರ ಮೇಲೆ ಚೆಂದದ ರಂಗೋಲಿ. ಶೇವಂತಿ ಆಗಲೇ ಬಂದು, ಕಿತ್ತು ಹಾಕಿದ ರಾಶಿಯ ಮುಂದೆ ಕೂತಿದ್ದಳು. ಬಾಡಿದ ಗೊಂಚಲೊಂದನ್ನು ಹುಡುಕಿ ತೆಗೆದು ಬುಟ್ಟಿಗಿಟ್ಟಳು. ಆಮೇಲೆ ಬಳ್ಳಿಯ ಬೇರನ್ನು ಕೈಯಲ್ಲಿ ಹಿಡಿದಳು.

"ಈ ವರ್ಷ ದೇವರು ಬರ್ತಾನೆ," ಎಂದಳು. "ಬರೋ ವರ್ಷ ನಾನು ಹ್ಯಾಗೆ ಕರೀಲಿ, ತಂಗಿ?"

ಒಂದು ಬೈಗುಳವೂ ಇಲ್ಲ. ಬೈದಿದ್ದರೆ ಹುಲಿಗೆವ್ವ ತಡೆದುಕೊಳ್ಳುತ್ತಿದ್ದಳೇನೋ. ರಂಗೋಲಿಯ ಮೇಲೆಯೇ ಕುಸಿದು ಅತ್ತಳು.

ಸಂಜೆ ಇವರ ಮುಖದಲ್ಲಿ ಬೆಳದಿಂಗಳು. "ಭಾಳ ಚಲೋ ಆತು. ನಾವು ಮುಟ್ಟಿದ್ರ ಊರವರು ಜಗಳಕ್ಕ ಬರ್ತಿದ್ರು. ಹಬ್ಬ ಮುಗೀಲಿ, ಅಲ್ಲೂ ಏಲಕ್ಕಿ ಹಚ್ಚಸ್ತೇನಿ."

"ನಾಚಿಕಿ ಆಗಂಗಿಲ್ಲೇನ್ರಿ ನಿಮಗ?"

"ನಾ ಏನ್ ಮರಾ ಕಡದೇನೇನು?" ಎಂದರು.

ಮರುವರ್ಷದ ಚೌತಿ. ಕೇರಿಯ ಮನೆಮನೆಯಲ್ಲೂ ಆರತಿಗೆ ಬಾರಿಸುವ ಘುಮಟೆ ವಾದ್ಯದ ಸದ್ದು, ಶೇವಂತಿಯ ಬಾಗಿಲು ಮಾತ್ರ ಮುಚ್ಚಿತ್ತು. ಹುಲಿಗೆವ್ವ ಕೂಲಿ ಬಿಟ್ಟು, ಏಲಕ್ಕಿ ಗಿಡಗಳ ಸಂದಿಯಲ್ಲೆಲ್ಲ ಕಾಂಗಲದ ಒಂದು ಚಿಗುರಿಗಾಗಿ ದಿನವಿಡೀ ತಡಕಾಡಿದಳು. ಹತ್ತಿರದಲ್ಲೇ ಇವರು ಪ್ರವಾಸಿಗರಿಗೆ ಅದೇ ಮಾತು ಹೇಳುತ್ತಿದ್ದರು, ಒಂದು ಮರವನ್ನೂ ಕಡಿದಿಲ್ಲವೆಂದು. ಸಂಜೆ ಅವಳು ಬರಿಗೈಯಲ್ಲಿ ಬಂದು ನನ್ನ ಮೆಟ್ಟಿಲ ಮೇಲೆ ಕೂತಳು.

"ಒಂದ್ ಎಳೀನೂ ಉಳಿಸಿಲ್ರಿ ಅಕ್ಕಾರ ನಾ," ಎಂದಳು. "ಅಷ್ಟ ಚಲೋ ಮಾಡೇನ್ರಿ ಕೆಲಸಾ."