ಸುಂಕೇಶನ ಕಣ್ಣು ಕೆಂಪಾದದ್ದೇಕೆ?

ಮಳೆ ನಿಂತು ಹತ್ತಿ ಬಿಡಿಸುವ ಕೆಲಸ ಶುರುವಾಗಿತ್ತು. ಚಿಪ್ಪಗಿರಿಯಲ್ಲಿ ಶೇರ್ ಆಟೋ ಓಡಿಸುವ ಸುಂಕೇಶನಿಗೆ ಅದು ಕೈತುಂಬ ಕೆಲಸದ ಕಾಲ. ಆದರೆ ಮೂರು ವಾರಗಳಿಂದ ಅವನ ಕಣ್ಣುಗಳು ಕೆಂಡದ ಹಾಗೆ ಕೆಂಪಾಗಿದ್ದವು. ರೆಪ್ಪೆಗಳು ಊದಿ, ಕಣ್ಣಿನ ಸುತ್ತಲ ಚರ್ಮ ಸುಲಿದು ಒರಟಾಗಿತ್ತು.

ಹೆಂಡತಿ ಶಿರೀಷಾ ಇದನ್ನು ಮೊದಲ ದಿನವೇ ಕಂಡಿದ್ದಳು. ಕಂಡೂ ಸುಮ್ಮನಿದ್ದಳು. ಎರಡು ವರ್ಷದ ಹಿಂದೆ ಸುಂಕೇಶ ಮಗಳು ಅಮೂಲ್ಯಳ ತಲೆ ಮುಟ್ಟಿ ಕುಡಿತ ಬಿಟ್ಟಿದ್ದ. "ಇನ್ನೊಂದ್ಸಲ ಕುಡಿದ್ರ ಮಗಳನ್ನ ಕರ್ಕೊಂಡು ಮದ್ದಿಕೇರದ ತವರಿಗೆ ಹೋಗ್ತೀನಿ, ತಿರುಗಿ ಬರಂಗಿಲ್ಲ" ಎಂದು ಶಿರೀಷಾ ಆಗಲೇ ಹೇಳಿದ್ದಳು. ಹೇಳಿದ ಮಾತಿನಿಂದ ಹಿಂದೆ ಸರಿಯುವ ಹೆಣ್ಣಲ್ಲ ಅವಳು. ಅದಕ್ಕೇ ಅವಳಿಗೆ ಭಯ.

ಬೆಳಿಗ್ಗೆ ಚಹಾ ಕೊಡುವ ನೆಪದಲ್ಲಿ ಅವನ ಮುಖದ ಹತ್ತಿರ ಬಗ್ಗಿ ಮೂಸುತ್ತಿದ್ದಳು. ಅಂಗಿ ಒಗೆಯುವ ಮೊದಲು ಅದನ್ನೂ ಮೂಸುತ್ತಿದ್ದಳು. ಬೆವರು, ಡೀಸೆಲ್, ಧೂಳು. ಸಾರಾಯಿ ವಾಸನೆ ಮಾತ್ರ ಇಲ್ಲ.

"ವಾಸನಿ ಇಲ್ಲಂದ್ರ ಕುಡಿದಿಲ್ಲ ಅಂತೇನವ್ವಾ?" ಎಂದಳು ಪಕ್ಕದ ಮನೆಯ ಉಚ್ಚಮ್ಮ. "ಏಲಕ್ಕಿ ಜಗಿದ್ರ ಎಲ್ಲಾ ಹೋಗ್ತೈತಿ. ನನ್ನ ಗಂಡ ಮೂವತ್ತು ವರ್ಸ ಕುಡಿದಾನ. ಕೆಂಪು ಕಣ್ಣು ಯಾವ್ದು ಅಂತ ನನಗ ಹೇಳ್ಬ್ಯಾಡ."

"ಅತ್ತೀ, ದಿನಾ ಕಣ್ಣು ಕೆರ್ಕೊಂತಾನ. ಒಂದೇ ಸವನೆ ಸೀನ್ತಾನ. ಮೂಗು ಸೋರ್ತೈತಿ."

"ನಾಟಕ ಅದು. ನನ್ನ ಗಂಡ ನಿನ್ನ ಗಂಡನ್ನ ಮೀರಿಸೋ ನಾಟಕ ಮಾಡ್ತಿದ್ದ."

ಶುಕ್ರವಾರ ಸುಂಕಮ್ಮ ಮನೆ ಬಾಗಿಲಿಗೇ ಬಂದಳು. ಹತ್ತಿ ಬಿಡಿಸುವ ಹೆಂಗಸರನ್ನು ಕೂಡಿಸಿಕೊಂಡು ಹೊಲಕ್ಕೆ ಹೋಗುವವಳು ಅವಳು. ಅವರೆಲ್ಲ ಸುಂಕೇಶನ ಆಟೋದ ಖಾಯಂ ಗಿರಾಕಿಗಳು.

"ಶಿರೀಷಾ, ತಪ್ಪು ತಿಳೀಬ್ಯಾಡ. ನಿನ್ನೆ ನಿನ್ನ ಗಂಡ ಕಣ್ಣು ಉಜ್ಕೊಂತ ಎಮ್ಮಿ ಮ್ಯಾಲೇ ಆಟೋ ಬಿಡಾಂವಿದ್ದ. ನಮಗೂ ಮಕ್ಕಳು ಮರಿ ಅದಾವ. ಸೋಮವಾರದಿಂದ ನಾವು ರಾಮಾಂಜಿ ಆಟೋದಾಗ ಹೋಗ್ತೀವಿ."

ಮಧ್ಯಾಹ್ನ ಸುಂಕೇಶ ಊಟಕ್ಕೆ ಕೂತಾಗ ಶಿರೀಷಾ ಹೊರಗೆ ಹೋಗಿ ಆಟೋದ ಸೀಟು ಎತ್ತಿದಳು. ಸ್ಪ್ಯಾನರ್‌ಗಳ ಅಡಿಯಲ್ಲಿ ಕಾಗದದಲ್ಲಿ ಸುತ್ತಿದ ಏನೋ ಒಂದು ಕೈಗೆ ಸಿಕ್ಕಿತು. ಬಾಟಲಿಯಲ್ಲ, ಅರ್ಧ ಹಿಂಡಿದ ಒಂದು ಟ್ಯೂಬು.

"ಅದನ್ನ ಅಲ್ಲೇ ಇಡು!" ಸುಂಕೇಶ ಎಂಜಲು ಕೈಯಲ್ಲೇ ಓಡಿ ಬಂದ.

"ಏನಿದು ಮಾಮಾ?" ಎಂದು ಗಂಡನನ್ನು ಕೇಳಿದಳು.

"ಔಷಧಿ."

"ಯಾತಕ್ಕ?"

ಅವನು ನೆಲ ನೋಡಿದ. "ಗಂಡಸ್ರ ಇಚಾರ. ನಿನಗ್ಯಾಕ?"

ಶಿರೀಷಾ ಟ್ಯೂಬು ಬಿಡಲಿಲ್ಲ. ಕುಡಿತಕ್ಕಿಂತ ದೊಡ್ಡದು ಏನಾದರೂ ಇದ್ದರೆ? ಟ್ಯೂಬನ್ನು ಸೆರಗಿನಲ್ಲಿ ಕಟ್ಟಿಕೊಂಡು ಆಶಾ ಕಾರ್ಯಕರ್ತೆ ಮಾರೆಮ್ಮನ ಮನೆಗೆ ನಡೆದಳು. ದಾರಿಯಲ್ಲಿ ಇನ್ನೊಂದು ಅನುಮಾನ ಹುಟ್ಟಿತು. ಮಾರೆಮ್ಮ ಸುಂಕೇಶನ ದೊಡ್ಡಪ್ಪನ ಮಗಳು. ತಮ್ಮನ ಗುಟ್ಟು ಬಿಟ್ಟುಕೊಡುತ್ತಾಳೆಯೇ? ಹಾಗಾಗಿ ಯಾರದೆಂದು ಹೇಳದೆ ಟ್ಯೂಬನ್ನು ಮುಂದಿಟ್ಟಳು.

ಮಾರೆಮ್ಮ ಕನ್ನಡಕ ಹಾಕಿಕೊಂಡು ನೋಡಿ ನಕ್ಕುಬಿಟ್ಟಳು. "ಹುಳಕಡ್ಡಿ ಮುಲಾಮು ಇದು. ತೊಡಿಸಂದಿ ತುರಿಕೆಗೆ ಹಚ್ಚೋದು. ಯಾರದು ಮಾರಾಯ್ತಿ?"

"ಇದರಿಂದ ಕಣ್ಣು ಕೆಂಪಾಗ್ತಾವೇನು?" ಎಂದಳು ಶಿರೀಷಾ. ಮಾರೆಮ್ಮನ ನಗು ನಿಂತಿತು. "ಇದನ್ನ ಯಾರಾದ್ರೂ ಮಕಕ್ಕ ಹಚ್ಕೊಂಡಾರೇನು?"

"ಹಚ್ಕೊಂಡ್ರ ಏನಾಗ್ತೈತಿ?"

"ನೀನು ಕಾಲೇಜಿನಾಗ ಇಂಟರ್ ಓದಿದಾಕಿ. ಓದು ನೀನೇ."

ಸಾಸಿವೆ ಕಾಳಿನಂಥ ಇಂಗ್ಲಿಷ್ ಅಕ್ಷರಗಳು. ಶಿರೀಷಾ ಬೆಳಕಿಗೆ ಹಿಡಿದು ಓದಿದಳು. ಕಣ್ಣಿಗೆ ತಾಗಬಾರದು. ವೈದ್ಯರು ಬರೆದುಕೊಟ್ಟರೆ ಮಾತ್ರ ಬಳಸಬೇಕು.

"ನಿನ್ನ ತಮ್ಮಂದು ಅಕ್ಕಾ" ಎಂದಳು.

ಇಬ್ಬರೂ ಮನೆಗೆ ಬಂದಾಗ ಸುಂಕೇಶ ಆಟೋದಲ್ಲೇ ಮುಖ ಊದಿಸಿಕೊಂಡು ಕೂತಿದ್ದ. ಮಾರೆಮ್ಮ ಪೊಲೀಸರ ಹಾಗೆ ಕೇಳಿದಳು. ಬೇರೆ ದಾರಿ ಕಾಣದೆ ಅವನು ಬಾಯಿಬಿಟ್ಟ.

"ದಿನಾ ಕೂತು ಕೂತು ತೊಡಿಗೆ ಹುಳಕಡ್ಡಿ ಆಗಿತ್ತು. ಮೆಡಿಕಲ್ ಶಾಪಿನವ ಇದನ್ನ ಕೊಟ್ಟ. ಆಮ್ಯಾಲೆ ಕಣ್ಣಿನ ಸುತ್ತ ಕಡಿಯಾಕ ಹತ್ತಿತು. ಇದೂ ತುರಿಕೇನೇ ಅಲ್ಲೇನು ಅಂತ ಹಚ್ಚಿದೆ. ಹಚ್ಚಿದ ದಿನ ಕೆಂಪು ಮಾಯ. ಬಿಟ್ರ ಎರಡು ದಿನಕ್ಕ ದುಪ್ಪಟ್ಟು. ಮತ್ತ ಹಚ್ಚಿದೆ."

"ನನಗ್ಯಾಕ ಹೇಳ್ಲಿಲ್ಲ?" ಎಂದಳು ಶಿರೀಷಾ.

"ತೊಡಿ ಇಚಾರ ಹೆಂಗ ಹೇಳ್ಲಿ, ನಾಚಿಕಿ ಆತು. ಮತ್ತ ನೀನು..." ಅವನು ಅವಳ ಮುಖ ನೋಡಿದ. "ದಿನಾ ಚಹಾ ಕೊಡೋವಾಗ ನನ್ನ ಬಾಯಿ ಮೂಸ್ತಿದ್ದಿ. ನನಗ ಗೊತ್ತಾಗಂಗಿಲ್ಲ ಅಂದ್ಕೊಂಡೀಯೇನು? ಎರಡು ವರ್ಸ ಒಂದು ತೊಟ್ಟು ಮುಟ್ಟಿಲ್ಲ ನಾನು. ಆಮ್ಯಾಲೆ ಹೇಳ್ಬೇಕು ಅನಿಸ್ಲೇ ಇಲ್ಲ."

ಶಿರೀಷಾ ಟ್ಯೂಬನ್ನು ಮಾರೆಮ್ಮನ ಕೈಗಿಟ್ಟಳು.

"ಅನುಮಾನ ಮಾಡೋದು ತಪ್ಪಲ್ಲವ್ವಾ" ಎಂದಳು ಮಾರೆಮ್ಮ. "ಮನುಷ್ಯಾನ ಮ್ಯಾಲೆ ಮಾಡಿದ್ದನ್ನ ಈ ಟ್ಯೂಬಿನ ಮ್ಯಾಲೆ ಮಾಡಿದ್ರ ಇಷ್ಟು ದೂರ ಬರ್ತಿರ್ಲಿಲ್ಲ. ಇದ್ರಾಗ ಸ್ಟೆರಾಯ್ಡ್ ಐತಿ. ಕಣ್ಣಿನ ಸುತ್ತಲ ಚರ್ಮ ಈರುಳ್ಳಿ ಪೊರೆ ಇದ್ದಂಗ, ಬಲು ತೆಳು. ಡಾಕ್ಟ್ರಿಗೆ ಕೇಳದಂಗ ಹಚ್ತಾ ಹೋದ್ರ ಚರ್ಮ ಇನ್ನೂ ತೆಳುವಾಗ್ತೈತಿ. ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಸಂಚಕಾರ ಬರಬಹುದು."

ಆಮೇಲೆ ಅವಳು ರಸ್ತೆಯ ಅಂಚಿಗೆ ಕೈ ತೋರಿದಳು. ಸೊಂಟದೆತ್ತರ ಬೆಳೆದ ಗಿಡಗಳ ತುಂಬ ಅಕ್ಕಿ ಚೆಲ್ಲಿದಂತೆ ಬಿಳಿ ಹೂವು. "ಅದು ಕಾಂಗ್ರೆಸ್ ಕಸ. ತೆಲುಗಿನಾಗ ವಯ್ಯಾರಿಭಾಮ ಅಂತಾರ. ಮಳಿ ಆದ ಮ್ಯಾಲೆ ಹೂವು ಬಿಟ್ಟು, ಅದರ ಪುಡಿ ಗಾಳ್ಯಾಗ ಹಾರ್ತೈತಿ. ಕೆಲವರ ಮೈಗೆ ಆಗಿಬರಂಗಿಲ್ಲ. ಸೀನು, ಮೂಗು ಸೋರೋದು, ಕಣ್ಣು ಕಡಿತ, ಎಲ್ಲಾ ಅದರದೇ ಇರಬೇಕು. ನಿನ್ನ ಆಟೋಕ್ಕ ಬಾಗ್ಲ ಇಲ್ಲ, ಪುಡಿ ಸೀದಾ ಮಕಕ್ಕ ಬಡೀತೈತಿ. ಗಾಜು ಒರೆಸೋ ಬಟ್ಟಿಲೇ ಕಣ್ಣೂ ಒರೆಸ್ತೀ. ಹೌದಲ್ಲೋ?"

ಸುಂಕೇಶ ಹೆಗಲ ಮೇಲಿದ್ದ ಬಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

"ಹರಳೆಣ್ಣಿ ಬಿಡ್ರಿ ಕಣ್ಣಿಗೆ, ತಂಪಾಗ್ತೈತಿ" ಎಂದಳು ಗೋಡೆಯಾಚೆಯಿಂದ ಉಚ್ಚಮ್ಮ.

"ಎಣ್ಣಿ ಬ್ಯಾಡ, ಅರಿಷಿಣ ಬ್ಯಾಡ, ಕಾಡಿಗಿ ಬ್ಯಾಡ. ಕಾಸಿ ಆರಿಸಿದ ನೀರಾಗ ಒಗೆದ ಬಟ್ಟಿ ಅದ್ದಿ, ಹಿಂಡಿ, ಮುಚ್ಚಿದ ಕಣ್ಣಿನ ಮ್ಯಾಲೆ ಹತ್ತು ನಿಮಿಷ ಇಡು. ದಿನಕ್ಕ ಮೂರು ನಾಕು ಸಲ. ಕಣ್ಣಿನ ಸುತ್ತ ಸೋಪು ಹಚ್ಚಬ್ಯಾಡ. ಚರ್ಮ ಒರೆಸಿ, ವಾಸನಿ ಬಣ್ಣ ಇಲ್ಲದ ಸಾದಾ ವ್ಯಾಸಲೀನು ತೆಳ್ಳಗ ಸವರು. ಚರ್ಮಕ್ಕ ಮಾತ್ರ, ಕಣ್ಣೊಳಗ ಅಲ್ಲ."

"ವ್ಯಾಸಲೀನಾ?" ಶಿರೀಷಾಗೆ ನಂಬಿಕೆ ಬರಲಿಲ್ಲ. "ಸೂಜಿ ಇಲ್ಲ, ಗುಳಿಗಿ ಇಲ್ಲ. ಅಷ್ಟಕ್ಕೇ ಹೋಗ್ತೈತೇನು?"

"ನಾಳೆ ಆದೋನಿಗೆ ಹೋಗಿ ಕಣ್ಣಿನ ಡಾಕ್ಟ್ರನ್ನ ಕೇಳು. ನನ್ನ ಮಾತು ಹೆಂಗೂ ನಂಬಂಗಿಲ್ಲ ನೀನು, ಅವನ ಕಡೆಯಾಕಿ ನಾನು!" ಮಾರೆಮ್ಮ ನಕ್ಕಳು. ಶಿರೀಷಾ ನಾಚಿದಳು.

ಶನಿವಾರ ಆದೋನಿ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಸುಂಕೇಶನ ದೃಷ್ಟಿಯನ್ನೂ ಕಣ್ಣಿನ ಒತ್ತಡವನ್ನೂ ಪರೀಕ್ಷಿಸಿದರು. ಸದ್ಯ ಕೆಟ್ಟದ್ದೇನೂ ಆಗಿರಲಿಲ್ಲ. ಆಟೋ ಓಡಿಸುವವನೆಂದು ಕೇಳಿ, ನಿದ್ದೆ ತರದ ಅಲರ್ಜಿ ಮಾತ್ರೆಯನ್ನೂ ಕಣ್ಣಿನ ಹನಿಯನ್ನೂ ಬರೆದರು. ಅಲರ್ಜಿಯ ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆ, ಅಂಗಡಿಯಲ್ಲಿ ಕೇಳಿ ನುಂಗಬೇಡ ಎಂದರು. ಶಿರೀಷಾ ವ್ಯಾಸಲೀನಿನ ಮಾತು ಎತ್ತಿದಾಗ, "ನಿಮ್ಮ ಆಶಾ ಸರಿಯಾಗೇ ಹೇಳಿದ್ದಾರೆ" ಎಂದರು. ಇನ್ನೊಂದು ಮಾತನ್ನೂ ಸೇರಿಸಿದರು: ಮುಲಾಮು ಬಿಟ್ಟ ಮೇಲೆ ಕೆಲವು ದಿನ ಕೆಂಪು ಹೆಚ್ಚಾಗಬಹುದು. ಹೆದರಿ ಮತ್ತೆ ಅದನ್ನೇ ಹಚ್ಚಬಾರದು.

ಹಾಗೆಯೇ ಆಯಿತು. ಸೋಮವಾರ ಬೆಳಿಗ್ಗೆ ಅವನ ಕಣ್ಣುಗಳ ಸುತ್ತ ಮೊದಲಿಗಿಂತ ಹೆಚ್ಚು ಕೆಂಪು. ಧೂಳು, ಹೂಪುಡಿ ತಡೆಯಲು ಕೊಂಡ ಹೊಸ ಸಾದಾ ಕನ್ನಡಕದ ಹಿಂದಿನಿಂದಲೂ ಕಾಣುತ್ತಿತ್ತು. ಆಟೋ ಸ್ಟ್ಯಾಂಡಿನಲ್ಲಿ ಹೆಂಗಸರು ರಾಮಾಂಜಿಯ ಆಟೋ ಕಡೆ ತಿರುಗಿದರು. ಶಿರೀಷಾ ಮಗಳನ್ನು ಎತ್ತಿಕೊಂಡು ಬಂದು ಸುಂಕೇಶನ ಆಟೋದಲ್ಲಿ ಎಲ್ಲರಿಗಿಂತ ಮೊದಲು ಕೂತಳು.

"ಸುಂಕಮ್ಮತ್ತೀ, ನನ್ನ ಗಂಡ ಕುಡಿದಿಲ್ಲ. ತಪ್ಪು ತಿಳ್ಕೊಂಡಾಕಿ ನಾನೇ. ಅಲರ್ಜಿ ಅದು. ನೋಡ್ರಿ ಡಾಕ್ಟ್ರ ಚೀಟಿ."

"ಚೀಟಿ ಓದಾಕ ನನಗ ಬರಂಗಿಲ್ಲ" ಎಂದಳು ಸುಂಕಮ್ಮ. ಸುಂಕೇಶನ ಎದುರಿಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಲ್ಲಿ ತಿರುವಿನಾಗ ಬಸ್ಸು ಬರಾಕ ಹತ್ತೈತಿ. ಬೋರ್ಡು ಓದಪ್ಪಾ ನೋಡೂನು."

"ಗುಂತಕಲ್ಲು. ಮುಂದಿನ ಗಾಜಿಗೆ ನಿಂಬಿಹಣ್ಣು ಕಟ್ಯಾರ. ಡ್ರೈವರ್ ಲಾಲಪ್ಪ ಆಕಳಿಸಾಕ ಹತ್ಯಾನ."

ಬಸ್ಸು ಹತ್ತಿರ ಬಂತು. ಲಾಲಪ್ಪ ಇನ್ನೂ ಬಾಯಿ ಮುಚ್ಚಿರಲಿಲ್ಲ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಸುಂಕಮ್ಮ ಆಟೋ ಹತ್ತಿ ಶಿರೀಷಾಳ ಪಕ್ಕದಲ್ಲಿ ಕೂತಳು. ಸ್ವಲ್ಪ ದೂರ ಹೋದ ಮೇಲೆ ದನಿ ತಗ್ಗಿಸಿ ಕೇಳಿದಳು: "ಆ ಕಾಂಗ್ರೆಸ್ ಕಸದಾಗ ನಿಂತು ಹತ್ತಿ ಬಿಡಿಸಿದ ದಿನ ನನಗೂ ರೆಪ್ಪಿ ಉರೀತಾವ. ಅದೇನೋ ತಣ್ಣೀರು ಬಟ್ಟಿ ಅಂದ್ಲಂತಲ್ಲ ಮಾರೆಮ್ಮ, ಹೆಂಗ ಮಾಡಬೇಕು ಹೇಳವ್ವಾ."

ಹತ್ತಿ ಬಿಡಿಸುವ ಅಕ್ಕಂದಿರೇ, ಗಾಡಿ ಓಡಿಸುವ ಅಣ್ಣಂದಿರೇ, ಈ ಮಾತು ನಿಮಗೂ ಸೇರಿದ್ದು. ಕಣ್ಣಿನ ಸುತ್ತ ತುರಿಸಿದರೆ ಉಜ್ಜಬೇಡಿ. ತಣ್ಣನೆಯ ಶುದ್ಧ ಒದ್ದೆ ಬಟ್ಟೆ ಇಡಿ. ಹೊರಗಿನಿಂದ ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸಿ. ನಿಮ್ಮ ಟವೆಲು ನಿಮಗೇ ಇರಲಿ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಊರಿನವರೆಲ್ಲ ಸೇರಿ ಕಿತ್ತುಹಾಕಿ, ಆದರೆ ಬರಿಗೈಯಲ್ಲಿ ಬೇಡ. ಮೂಗು ಬಾಯಿಗೆ ಬಟ್ಟೆ ಇರಲಿ, ಅಲರ್ಜಿ ಇರುವವರು ದೂರ ಇರಲಿ. ಕಣ್ಣು ನೋಯುತ್ತಿದ್ದರೆ, ದೃಷ್ಟಿ ಮಂಜಾದರೆ, ಬೆಳಕು ಚುಚ್ಚಿದರೆ, ಕೀವು ಬಂದರೆ, ಗುಳ್ಳೆ ಎದ್ದರೆ ಮನೆಮದ್ದು ಮಾಡುತ್ತಾ ಕೂರದೆ ಅಂದೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ನಿಮ್ಮ ಮನೆಯಲ್ಲಿ ಯಾರದಾದರೂ ಕಣ್ಣು ಕೆಂಪಾಗಿದ್ದರೆ, ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೇ ಮಾತು ಕೇಳಿ: "ಏನು ಹಚ್ಕೊಂಡಿ?" ನಾಚಿಕೆಯಾಗದ ಹಾಗೆ ಕೇಳಿ.